ಬೆಂಕಿಪೊಟ್ಟಣ ಹಿಡಿದು ಫಾಸ್ಫರಸ್ ಪಾಠ

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯಲ್ಲಿ, ಸ್ಟಾಕ್ ನೋಡೋಣ ಅಂತ ಲ್ಯಾಬಿನ ಹಿಂದಿನ ಕೋಣೆಯ ಬೀರು ತೆಗೆದೆ. ಕೆಳಗಡೆ ಒಂದು ಕಂದು ಬಾಟಲಿ. ಲೇಬಲ್ ಅರ್ಧ ಅಳಿಸಿತ್ತು. ಒಳಗೆ ಹಳತಾಗಿ ಹಳದಿಗಟ್ಟಿದ ಮೇಣದಂಥ ತುಂಡುಗಳು. ಬಿಳಿ ಫಾಸ್ಫರಸ್! ಗಾಳಿ ತಾಗದಂತೆ ಅದನ್ನು ಮುಳುಗಿಸಿಟ್ಟಿದ್ದ ನೀರು ಆರಿ ಆರಿ, ತುಂಡುಗಳ ಮೇಲೆ ಒಂದು ಬೆರಳಗಲ ಉಳಿದಿತ್ತು ಅಷ್ಟೇ.

ಇದು ಗಾಳಿಗೆ ಸಿಕ್ಕರೆ ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೇ ತಾನಾಗಿ ಹೊತ್ತಿಕೊಳ್ಳುತ್ತದೆ. ನಮ್ಮೂರ ಏಪ್ರಿಲ್‌ನಲ್ಲಿ ನೆರಳಲ್ಲೂ ಅದಕ್ಕಿಂತ ಜಾಸ್ತಿ ಬಿಸಿ ಇರುತ್ತದೆ. ಕೈ ನಡುಗುತ್ತಿತ್ತು. ಬಾಟಲಿ ಅಲ್ಲಾಡಿಸದೆ ಮೆಲ್ಲಗೆ ನೀರು ತುಂಬಿಸಿದೆ. ಆಮೇಲೆ ಅದನ್ನು ವಿಲೇವಾರಿಗೆ ಕಳಿಸುವವರೆಗೂ ದಿನಾ ಬೆಳಿಗ್ಗೆ ನೀರಿನ ಮಟ್ಟ ನೋಡಿಯೇ ಕ್ಲಾಸಿಗೆ ಹೋಗುತ್ತಿದ್ದೆ.

ಅವತ್ತೇ ತೀರ್ಮಾನ ಮಾಡಿದೆ, ಮಕ್ಕಳ ಮುಂದೆ ಬಿಳಿ ಫಾಸ್ಫರಸ್ ತರುವುದಿಲ್ಲ. ಅದರ ಸ್ವಭಾವ ತೋರಿಸೋಕೆ ಜೇಡಿಮಣ್ಣು, ಬೆಂಕಿಕಡ್ಡಿ ಸಾಕು. ನಾಲ್ಕು ಮಣ್ಣಿನ ಉಂಡೆ, ಆರು ಕಡ್ಡಿ. ಉಂಡೆ ಅಂದರೆ ಪರಮಾಣು, ಕಡ್ಡಿ ಅಂದರೆ ಅವುಗಳನ್ನು ಹಿಡಿದಿಡುವ ಬಂಧ. ಪ್ರತಿ ಉಂಡೆಯನ್ನೂ ಉಳಿದ ಮೂರಕ್ಕೂ ಜೋಡಿಸಿದರೆ ಬಿಳಿ ಫಾಸ್ಫರಸ್‌ನ ಒಂದು ಅಣು. ಕಡ್ಡಿಗಳ ನಡುವೆ ಬರೀ 60 ಡಿಗ್ರಿ ಕೋನ. ಫಾಸ್ಫರಸ್‌ಗೆ ಇದು ತೀರಾ ಇಕ್ಕಟ್ಟು. ಹಾಗಾಗಿ ಆಕ್ಸಿಜನ್ ಸಿಕ್ಕಿದ್ದೇ ತಡ, ಬಂಧ ಮುರಿದು ಉರಿಯುತ್ತದೆ. ಈಗ ಒಂದೊಂದು ಅಣುವಿನಲ್ಲೂ ಒಂದೊಂದು ಕಡ್ಡಿ ಕಿತ್ತು, ಆ ಉಂಡೆಗಳನ್ನು ಪಕ್ಕದ ಅಣುವಿಗೆ ಸೇರಿಸುತ್ತಾ ಹೋಗಿ ಅನ್ನುತ್ತೇನೆ. ಬೆಂಚಿನಿಂದ ಬೆಂಚಿಗೆ ಸರಪಳಿ ಬೆಳೆಯುತ್ತದೆ. ಕೆಂಪು ಫಾಸ್ಫರಸ್ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅದೇ ಪರಮಾಣುಗಳು, ಆದರೆ ಇಕ್ಕಟ್ಟು ಕಡಿಮೆ. ಹೊತ್ತಿಕೊಳ್ಳಬೇಕಾದರೆ 240 ಡಿಗ್ರಿ ಆಸುಪಾಸಿನ ಬಿಸಿ ಬೇಕು. ಸುಮ್ನೆ ಬಾಯಲ್ಲಿ ಹೇಳಿದರೆ ಇದು ತಲೆಗೆ ಹೋಗುವುದಿಲ್ಲ, ಕೈಯಲ್ಲಿ ಮಾಡಬೇಕು.

ಆಮೇಲೆ ಬೆಂಕಿಪೊಟ್ಟಣ. ಕಡ್ಡಿಯನ್ನು ಗೋಡೆಗೆ ಗೀರಿ ಅನ್ನುತ್ತೇನೆ, ಹತ್ತುವುದಿಲ್ಲ. ಪೊಟ್ಟಣದ ಪಕ್ಕದ ಪಟ್ಟಿಗೆ ಗೀರಿದರೆ ಭಗ್ ಅನ್ನುತ್ತದೆ. ಕೆಂಪು ಫಾಸ್ಫರಸ್ ಇರುವುದು ಆ ಪಟ್ಟಿಯಲ್ಲಿ, ಗಾಜಿನ ಪುಡಿಯ ಜೊತೆ. ಕಡ್ಡಿಯ ತಲೆಯಲ್ಲಿ ಆಕ್ಸಿಜನ್ ಕೊಡುವ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಉಜ್ಜಿದ ಬಿಸಿಗೆ ಚೂರೇ ಚೂರು ಕೆಂಪು ಫಾಸ್ಫರಸ್ ಬಿಳಿ ಫಾಸ್ಫರಸ್ ಆಗಿ ಬದಲಾಗಿ ಹೊತ್ತಿಕೊಳ್ಳುತ್ತದೆ. ಗೀರಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿಸಿ, ತೆಳ್ಳಗೆ ಒಂದು ಗೆರೆ ಎದ್ದಿರುತ್ತದೆ.

ಕೊನೆಗೆ, ಕಿಟಕಿ ಎಲ್ಲಾ ತೆಗೆದು, ಚಿಟಿಕೆಗಿಂತ ಕಡಿಮೆ ಕೆಂಪು ಫಾಸ್ಫರಸ್ಸನ್ನು ಗ್ಯಾಸ್ ಜಾರಿನಲ್ಲಿ ಉರಿಸುತ್ತೇನೆ. ಜಾರ್ ತುಂಬಾ ದಟ್ಟ ಬಿಳಿ ಹೊಗೆ. ನೀರು ಹಾಕಿ ಕುಲುಕಿದರೆ ಹೊಗೆ ಕರಗಿ ಫಾಸ್ಫಾರಿಕ್ ಆಮ್ಲವಾಗುತ್ತದೆ, ನೀಲಿ ಲಿಟ್ಮಸ್ ಕೆಂಪಾಗುತ್ತದೆ.

ಒಂದು ವರ್ಷ ಈ ಪಾಠ ಮುಗಿದ ಮೇಲೆ ಹಿಂದಿನ ಬೆಂಚಿನ ಇಬ್ಬರು ಹುಡುಗರು, 'ಸರ್, ನಮಗೊಂದು ಮ್ಯಾಜಿಕ್ ಬರುತ್ತೆ' ಅಂತ ಬಂದರು. ಬೆರಳು ಉಜ್ಜಿದರು, ತುದಿಯಿಂದ ಬಿಳಿ ಹೊಗೆ! ಪೊಟ್ಟಣದ ಪಟ್ಟಿ ಸುಟ್ಟು, ಉಳಿದ ಅಂಟನ್ನು ಕೈಗೆ ಹಚ್ಚಿಕೊಂಡಿದ್ದರು. ನನ್ನ ಎದೆ ಧಸಕ್ಕೆಂದಿತು. ಆ ಅಂಟಿನಲ್ಲಿರುವುದು ಬಿಳಿ ಫಾಸ್ಫರಸ್ಸೇ, ಅದು ವಿಷ. ತಕ್ಷಣ ನಲ್ಲಿ ಕೆಳಗೆ ಕೈ ಹಿಡಿಸಿದೆ. ಆಮೇಲೆ ಕೂರಿಸಿಕೊಂಡು ಹೇಳಿದೆ: ಹಿಂದೆ ಬೆಂಕಿಕಡ್ಡಿ ಕಾರ್ಖಾನೆಯ ಕೆಲಸಗಾರರಿಗೆ ಇದರ ಹೊಗೆಯಿಂದ ದವಡೆ ಮೂಳೆ ಕೊಳೆಯುತ್ತಿತ್ತು ಕಣ್ರಪ್ಪಾ. ಭಾರತದಲ್ಲಿ ಬಿಳಿ ಫಾಸ್ಫರಸ್ ಕಡ್ಡಿಯನ್ನು 1913ರಲ್ಲೇ ಕಾನೂನು ತಂದು ನಿಲ್ಲಿಸಿದರು.

ಇಬ್ಬರೂ ಮಾತಾಡದೆ ಎದ್ದು ಹೋಗಿ, ಇನ್ನೊಂದು ಸಲ ಸೋಪು ಹಾಕಿ ಕೈ ತೊಳೆದು ಬಂದರು.