ಬಿಳಿ ಜುಟ್ಟಿನ ನೀಲಿ ಕೋಳಿ: ಧಾರವಾಡದ ಹಿತ್ತಲಲ್ಲಿ ನನ್ನ ಮೂರು ವರ್ಷ

ನೀಲಿ ಅಂದ ಕೂಡಲೇ ನವಿಲಿನ ನೀಲಿ ಅಂದುಕೊಳ್ಳಬೇಡಿ. ಹಳೇ ಕಲ್ಲುಪಾಟಿ ಇರುತ್ತಿತ್ತಲ್ಲ, ಆ ಬಣ್ಣ. ಮಳೆ ಹಿಡಿಯೋ ಮುಂಚೆ ಧಾರವಾಡದ ಮೇಲೆ ಕವಿಯುವ ಮೋಡದ ಬಣ್ಣ ಅಂದರೂ ಆದೀತು. ಮೈಯೆಲ್ಲ ಆ ಬಣ್ಣ, ತಲೆ ಮೇಲೆ ಮಾತ್ರ ಸೇವಂತಿಗೆ ಹೂವಿನಂಥ ಬಿಳಿ ಜುಟ್ಟು. ಫ್ಯಾನ್ಸಿ ಕೋಳಿ ಮಾರುವವರು ಈ ತಳಿಗೆ ಪಾಲಿಶ್ ಕ್ಯಾಪ್ ಅಂತಾರೆ. ಹೆಸರು ಪಾಲಿಶ್, ಆದರೆ ತಳಿ ರೂಪಗೊಂಡದ್ದು ಹೆಚ್ಚಾಗಿ ಹಾಲೆಂಡಿನ ಕಡೆ. ಕರಿ ಮೈಯದು ಹುಡುಕಿದರೆ ಸಿಗುತ್ತದೆ. ನೀಲಿ ಮೈಯದು ಹುಡುಕಿ ಹುಡುಕಿ ನನಗೆ ಸಿಕ್ಕಿದ್ದು ಒಂದೇ ಒಂದು ಹುಂಜ. ಜೊತೆಗೆ ಎರಡು ಕರಿ ಹ್ಯಾಟೆ ತಂದೆ.

ಮನೆಗೆ ತಂದ ದಿನ ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. "ಇದೇನ್ ಕೋಳಿಯೋ ತಮ್ಮಾ, ತಲಿಮ್ಯಾಲ ಹತ್ತಿ ಇಟ್ಟಂಗ ಐತಿ. ಇದಕ್ಕ ಕಣ್ಣರೆ ಅದಾವೋ ಇಲ್ಲೋ?"

ನಕ್ಕು ಸುಮ್ಮನಾದೆ. ನಗಬಾರದಿತ್ತು, ಅವಳು ಕೇಳಿದ್ದೇ ಮೊದಲ ಪಾಠ ಆಯಿತು.

ಮೊದಲ ಸಲ ಮರಿಗೆ ಅಂತ ಇಪ್ಪತ್ತು ತತ್ತಿ ಇಟ್ಟೆ. ಏಳನೇ ದಿನ ರಾತ್ರಿ ಲೈಟ್ ಆರಿಸಿ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಹದಿಮೂರು ತತ್ತಿಯಲ್ಲಿ ಏನೂ ಇಲ್ಲ, ಬರೀ ಹಳದಿ ನೆರಳು. ಹುಂಜಕ್ಕೆ ವಯಸ್ಸಾಗಿದೆ, ಮಾರಿದವನು ಮೋಸ ಮಾಡಿದ ಅಂತ ಎರಡು ದಿನ ಬೈದುಕೊಂಡು ಓಡಾಡಿದೆ. ಆಮೇಲೆ ಒಂದು ರವಿವಾರ ಚಹಾ ಹಿಡಿದು ಅಲ್ಲೇ ಕೂತು ನೋಡಿದೆ. ಹುಂಜ ಹ್ಯಾಟೆಯ ಕಡೆ ಓಡುತ್ತದೆ, ಹ್ಯಾಟೆ ಪಕ್ಕಕ್ಕೆ ಸರಿಯುತ್ತದೆ, ಇದು ಹೋಗಿ ಬಕೆಟ್ಟಿಗೆ ಡಿಕ್ಕಿ! ಜುಟ್ಟು ಕಣ್ಣಿನ ಮೇಲೆ ಬಿದ್ದು ಅದಕ್ಕೆ ಮುಂದೇನಿದೆ ಅಂತಾನೇ ಕಾಣುತ್ತಿರಲಿಲ್ಲ.

ಕಣ್ಣಿನ ಸುತ್ತಲಿನ ಪುಕ್ಕ ಕತ್ತರಿಸಿದೆ. ಇಲ್ಲಿ ಒಂದು ಎಚ್ಚರ ಬೇಕು. ಹೊಸದಾಗಿ ಬರುತ್ತಿರುವ ಪುಕ್ಕದ ಕಾಂಡದಲ್ಲಿ ರಕ್ತ ಇರುತ್ತದೆ, ಅದನ್ನು ಕತ್ತರಿಸಿದರೆ ರಕ್ತ ಬರುತ್ತದೆ, ರಕ್ತ ಕಂಡರೆ ಉಳಿದ ಕೋಳಿಗಳು ಅಲ್ಲೇ ಕುಕ್ಕುತ್ತವೆ. ಕಾಂಡ ಒಣಗಿ ಬೆಳ್ಳಗಾಗಿದ್ದರೆ ಮಾತ್ರ ಕತ್ತರಿ ಹಾಕಿ. ಹ್ಯಾಟೆಗಳಿಗೂ ಸ್ವಲ್ಪ ಕತ್ತರಿಸಿದೆ, ಹುಂಜ ಮೇಲೆ ಬಂದಾಗ ಬೆಚ್ಚಿ ಓಡೋದು ಕಡಿಮೆಯಾಯಿತು. ಮುಂದಿನ ಸಲ ಹದಿನೆಂಟು ತತ್ತಿಯಲ್ಲಿ ಹದಿನಾಲ್ಕರಲ್ಲಿ ಮರಿ ಕಟ್ಟಿದ್ದವು, ಹನ್ನೆರಡು ಮರಿ ಬಂದವು. ಕತ್ತರಿ ಖರ್ಚು ಸೊನ್ನೆ.

ಆ ಹನ್ನೆರಡರಲ್ಲಿ ಐದು ನೀಲಿ, ಏಳು ಕರಿ. ಹುಟ್ಟಿದ ದಿನವೇ ಗೊತ್ತಾಗುತ್ತದೆ. ಕರಿ ಮರಿಯ ಬೆನ್ನು ಕರ್ರಗೆ, ಹೊಟ್ಟೆ ಹಳದಿ ಬಿಳಿ. ನೀಲಿ ಮರಿಯ ಬೆನ್ನು ಬೂದು.

ಈಗ ಬಣ್ಣದ ಲೆಕ್ಕಕ್ಕೆ ಬರುತ್ತೇನೆ, ನಾನು ಎಡವಿದ್ದು ಇಲ್ಲೇ. ನೀಲಿ ಅನ್ನೋದು ಬೇರೆ ಬಣ್ಣವೇ ಅಲ್ಲ, ಕರಿಯನ್ನೇ ತೆಳು ಮಾಡಿದ್ದು. ಕರಿ ಚಹಾಕ್ಕೆ ಒಂದು ಚಮಚ ಹಾಲು ಹಾಕಿದ ಹಾಗೆ ಅಂದುಕೊಳ್ಳಿ. ಮರಿಗೆ ಹುಂಜದಿಂದ ಒಂದು ಪಾಲು, ಹ್ಯಾಟೆಯಿಂದ ಒಂದು ಪಾಲು ಬರುತ್ತದೆ. ತೆಳು ಮಾಡುವ ಗುಣ ಎರಡೂ ಕಡೆಯಿಂದ ಬರದಿದ್ದರೆ ಕರಿ. ಒಂದು ಕಡೆಯಿಂದ ಮಾತ್ರ ಬಂದರೆ ನೀಲಿ. ಎರಡೂ ಕಡೆಯಿಂದ ಬಂದರೆ ಎರಡು ಚಮಚ ಹಾಲು ಬಿದ್ದ ಹಾಗೆ, ಮೈ ಮಾಸಿದ ಬಿಳಿ, ಅದರ ಮೇಲೆ ಅಲ್ಲಲ್ಲಿ ನೀಲಿ ಶಾಯಿ ಸಿಡಿಸಿದಂಥ ಕಲೆ. ಅದಕ್ಕೆ ಸ್ಪ್ಲಾಶ್ ಅಂತಾರೆ. ಅಂದರೆ ನೀಲಿ ಕೋಳಿ ಯಾವತ್ತೂ ಅರ್ಧ ಅರ್ಧವೇ. ನೀಲಿಗೆ ನೀಲಿ ಕೂಡಿಸಿದರೆ ಎಲ್ಲ ನೀಲಿಯೇ ಬರುತ್ತವೆ ಅಂತ ನಾನು ನಂಬಿದ್ದೆ. ಎಷ್ಟೋ ಜನ ಈಗಲೂ ಹಾಗೇ ನಂಬುತ್ತಾರೆ.

ಎರಡನೇ ವರ್ಷ ಅದೇ ಹುಂಜವನ್ನು ಅದರ ನೀಲಿ ಮಕ್ಕಳ ಜೊತೆ ಬಿಟ್ಟೆ. ತಂದೆ ಮಗಳು ಅಂತ ಮೂಗು ಮುರಿಯಬೇಡಿ, ಬೇರೆ ಹುಂಜ ಇರಲಿಲ್ಲ, ಒಂದು ಸಲಕ್ಕೆ ನಡೆಯುತ್ತದೆ, ಅದನ್ನೇ ಚಾಳಿ ಮಾಡಿಕೊಂಡರೆ ತತ್ತಿಯಲ್ಲೇ ಸಾಯುವ ಮರಿ ಜಾಸ್ತಿಯಾಗುತ್ತವೆ. ಹದಿನಾರು ಮರಿ ಬಂದವು. ಏಳು ನೀಲಿ, ಐದು ಕರಿ, ನಾಲ್ಕು ಸ್ಪ್ಲಾಶ್. ಪುಸ್ತಕದ ಲೆಕ್ಕ ನೂರಕ್ಕೆ 50 ನೀಲಿ, 25 ಕರಿ, 25 ಸ್ಪ್ಲಾಶ್, ಹೆಚ್ಚು ಕಡಿಮೆ ಹಾಗೇ ಇತ್ತು. ನನಗೆ ಅದು ಲೆಕ್ಕ ಅಂತ ಅನ್ನಿಸಲಿಲ್ಲ, ನಷ್ಟ ಅಂತ ಅನ್ನಿಸಿತು. ಅವ್ವನಂತೂ ಸ್ಪ್ಲಾಶ್ ಮರಿ ನೋಡಿ, "ಒಲಿಯಾಗ ಹೊಳ್ಯಾಡಿ ಬಂದಂಗ ಅದಾವ" ಅಂದಳು. ಒಂದು ಸತ್ತಿತು, ಎರಡು ಹ್ಯಾಟೆ ಬಂದಷ್ಟಕ್ಕೆ ಮಾರಿದೆ, ಉಳಿದ ಒಂದು ಹುಂಜವನ್ನು ನವಲಗುಂದ ಕಡೆಯ ಹಳ್ಳಿಯಲ್ಲಿರುವ ಚಿಗವ್ವನಿಗೆ ಪುಕ್ಕಟೆ ಕೊಟ್ಟು ಕೈ ತೊಳೆದುಕೊಂಡೆ.

ನಾಲ್ಕು ತಿಂಗಳಾದ ಮೇಲೆ ಒಂದು ರಾತ್ರಿ ಸುಮ್ನೆ ನೋಟ್‌ಬುಕ್ಕಿನಲ್ಲಿ ಚೌಕ ಹಾಕಿ ಯಾವುದಕ್ಕೆ ಯಾವುದು ಕೂಡಿಸಿದರೆ ಏನು ಬರುತ್ತದೆ ಅಂತ ಬರೆಯುತ್ತಾ ಕೂತಿದ್ದೆ. ಕರಿಗೆ ಸ್ಪ್ಲಾಶ್ ಕೂಡಿಸಿದರೆ? ಸ್ಪ್ಲಾಶ್ ಕಡೆಯಿಂದ ತೆಳು ಗುಣ ಬಂದೇ ಬರುತ್ತದೆ, ಕರಿ ಕಡೆಯಿಂದ ಬರೋದೇ ಇಲ್ಲ. ಅಂದರೆ ಎಲ್ಲ ಮರಿಯೂ ನೀಲಿ. ನೂರಕ್ಕೆ ನೂರು. ಕೈ ತೊಳೆದುಕೊಂಡ ಹುಂಜವೇ ಬೇಕಾದದ್ದು!

ಬೆಳಿಗ್ಗೆ ಏಳಕ್ಕೇ ಚಿಗವ್ವನಿಗೆ ಫೋನ್ ಮಾಡಿದೆ. "ಅಯ್ಯ, ದ್ಯಾಮವ್ವನ ಜಾತ್ರಿಗೆ ಬೀಗರು ಬರ್ತಾರಂತ ಅದನ್ನ ಕೊಬ್ಬಸಾಕ್‌ಹತ್ತೇನಿ" ಅಂದಳು. ಆ ರವಿವಾರವೇ ಎರಡು ದಪ್ಪ ಗಿರಿರಾಜ ಹುಂಜ ತಗೊಂಡು ಹೋಗಿ ಬದಲಿಸಿಕೊಂಡು ಬಂದೆ. ವ್ಯಾಪಾರದಲ್ಲಿ ಚಿಗವ್ವ ಗೆದ್ದಳು ಅಂತ ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ನಾನೂ ಏನೂ ಹೇಳಲಿಲ್ಲ.

ರಕ್ತ ಬದಲಾಗಲಿ ಅಂತ ಗದಗದಲ್ಲಿ ಸಾಕಿದವರೊಬ್ಬರಿಂದ ಮೂರು ಕರಿ ಹ್ಯಾಟೆ ಕೊಂಡು ಸ್ಪ್ಲಾಶ್ ಹುಂಜದ ಜೊತೆ ಬಿಟ್ಟೆ. ಎಂಟು ದಿನಕ್ಕೇ ತತ್ತಿ ಕೂಡಿಸಿಟ್ಟು ಮರಿ ಮಾಡಿಸಿದೆ. ಹನ್ನೊಂದು ಮರಿ. ಒಂಬತ್ತು ನೀಲಿ, ಎರಡು ಕರಿ. ತಲೆ ಕೆಟ್ಟು ಹೋಯಿತು. ನೂರಕ್ಕೆ ನೂರು ಅಂದದ್ದು ಸುಳ್ಳಾ? ಆಮೇಲೆ ಹೊಳೆಯಿತು. ಗದಗಿನಲ್ಲಿ ಆ ಹ್ಯಾಟೆಗಳು ಕರಿ ಹುಂಜದ ಜೊತೆ ಇದ್ದವು. ಹುಂಜ ಬೇರೆಯಾದರೂ ಅದರ ಬೀಜ ಹ್ಯಾಟೆಯ ಹೊಟ್ಟೆಯಲ್ಲಿ ಎರಡು ವಾರ, ಕೆಲವೊಮ್ಮೆ ಮೂರು ವಾರದವರೆಗೂ ಉಳಿದು ತತ್ತಿ ಕಟ್ಟಿಸುತ್ತದೆ. ನಾನು ಅವಸರ ಮಾಡಿದ್ದೆ. ಹುಂಜ ಬದಲಿಸಿದರೆ ಮೂರು ವಾರದ ತತ್ತಿ ಮನೆಯಲ್ಲಿ ಆಮ್ಲೆಟ್ ಮಾಡಿಕೊಂಡು ತಿನ್ನಿ, ಮರಿಗೆ ಇಡಬೇಡಿ. ಅದಾದ ಮೇಲಿನ ಸಲ ಒಂಬತ್ತಕ್ಕೆ ಒಂಬತ್ತೂ ನೀಲಿ.

ಮರಿ ಮಾಡಿಸುವ ವಿಷಯ. ಪಾಲಿಶ್ ಹ್ಯಾಟೆ ಸಾಮಾನ್ಯವಾಗಿ ಕಾವಿಗೆ ಕೂರೋದಿಲ್ಲ. ಕೂತರೂ ನಂಬಿಕೆ ಇಲ್ಲ, ಅರ್ಧಕ್ಕೇ ಎದ್ದು ಹೋಗುತ್ತದೆ. ಸಣ್ಣ ಇನ್ಕ್ಯುಬೇಟರ್ ಇದೆ, 37.5 ಡಿಗ್ರಿ, 21 ದಿನ, ಕೊನೆಯ ಮೂರು ದಿನ ತೇವ ಜಾಸ್ತಿ ಬೇಕು, ತತ್ತಿ ಹೊರಳಿಸಬಾರದು. ಇದೆಲ್ಲ ಸುಲಭ, ಕರೆಂಟ್ ಇದ್ದರೆ. ಮಾರ್ಚ್‌ನಲ್ಲಿ ಒಂದು ಸಲ ಮಧ್ಯಾಹ್ನ ಕರೆಂಟ್ ಹೋಗಿದ್ದು ನಾನು ಹುಬ್ಬಳ್ಳಿ ಆಫೀಸಿನಿಂದ ಬರುವ ತನಕ ಬಂದಿರಲಿಲ್ಲ. ಅಂದಿನಿಂದ ಜವಾರಿ ಹ್ಯಾಟೆಯನ್ನೇ ನೆಚ್ಚಿಕೊಂಡಿದ್ದೇನೆ. ಒಂದರ ಕೆಳಗೆ ಹತ್ತು ತತ್ತಿ, ಅಷ್ಟೇ. ಕೂಡಿಡುವ ತತ್ತಿಗೆ ಅವ್ವ ಒಂದು ಮಣ್ಣಿನ ಗಡಿಗೆಯಲ್ಲಿ ಮರಳು ತುಂಬಿಸಿ ಸುತ್ತ ಹಸಿ ಗೋಣಿಚೀಲ ಸುತ್ತಿಟ್ಟಿದ್ದಾಳೆ, ಒಂದು ವಾರದ ಮೇಲೆ ಇಡೋದಿಲ್ಲ.

ಆದರೆ ಮರಿ ಹೊರಗೆ ಬಂದ ಮೇಲೆ ಜವಾರಿ ಮರಿಗಳ ಜೊತೆ ಬೆರೆಸಬೇಡಿ. ಇದನ್ನು ಎರಡು ಸಲ ಹೇಳಿದರೂ ಕಡಿಮೆಯೇ. ಈ ತಳಿಯ ತಲೆಬುರುಡೆ ಮೇಲೆ ಒಂದು ಗುಂಡನೆಯ ಉಬ್ಬು ಇರುತ್ತದೆ, ಜುಟ್ಟು ನಿಂತಿರೋದೇ ಅದರ ಮೇಲೆ, ಮರಿಯಲ್ಲಿ ಅಲ್ಲಿನ ಎಲುಬು ಪೂರ್ತಿ ಕೂಡಿರೋದಿಲ್ಲ. ಬೇರೆ ಮರಿಗಳಿಗೆ ಆ ಬಿಳಿ ಗುಂಡಗಿನದು ತಿನ್ನೋ ವಸ್ತುವಿನ ಹಾಗೆ ಕಾಣುತ್ತದೋ ಏನೋ, ಅಲ್ಲೇ ಕುಕ್ಕುತ್ತವೆ. ಹಾಗೆ ಎರಡು ಮರಿ ಕಳೆದುಕೊಂಡೆ. ಇನ್ನೊಂದರ ಕತ್ತು ತಿರುಚಿ ನಿಂತಿತ್ತು, ನೀರು ಕೂಡ ಕುಡಿಯೋಕೆ ಆಗುತ್ತಿರಲಿಲ್ಲ. ಪಶು ಡಾಕ್ಟರ್ ವಿಟಮಿನ್ ಇ, ಬಿ ಕಾಂಪ್ಲೆಕ್ಸ್ ಹನಿ ಕೊಟ್ಟರು. ಮೂರು ವಾರ ಅವ್ವ ಕೈಯಲ್ಲಿ ಹಿಡಿದು ನುಚ್ಚು ತಿನ್ನಿಸಿದಳು. ಬದುಕಿತು, ಈಗಲೂ ಸ್ವಲ್ಪ ವಾರೆ ನೋಡುತ್ತದೆ.

ಕೋಳಿಗಳಿಗೆ ಬರುವ ರಾಣಿಖೇತ್ ರೋಗದ ಲಸಿಕೆ ತಪ್ಪಿಸಬೇಡಿ. ಮೊದಲ ವಾರ ಕಣ್ಣಿಗೆ ಲಸೋಟಾ ಹನಿ, ಎಂಟನೇ ವಾರದ ಹೊತ್ತಿಗೆ ಅದೇ ರೋಗದ ಇನ್ನೊಂದು ಲಸಿಕೆ ಆರ್‌2ಬಿ. ಬಾಟಲಿ ನೂರು, ಇನ್ನೂರು ಡೋಸಿನದು, ನಮ್ಮದು ಹತ್ತು ಮರಿ, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಅದಕ್ಕೇ ಓಣಿಯಲ್ಲಿ ಜವಾರಿ ಸಾಕಿದವರಿಗೆಲ್ಲ ಹೇಳಿ ಒಂದೇ ದಿನ ಹಾಕಿಸುತ್ತೇವೆ.

ಮಳೆಗಾಲ ಇವಕ್ಕೆ ಶತ್ರು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಜುಟ್ಟು ಒದ್ದೆಯಾದರೆ ಒಣಗೋದೇ ಇಲ್ಲ, ಕಣ್ಣು ಕೀವು ಕಟ್ಟುತ್ತದೆ, ಚಳಿ ಹಿಡಿಯುತ್ತದೆ. ನೀರಿನ ತಟ್ಟೆ ತೆಗೆದು, ಕೊಕ್ಕಿನಿಂದ ಒತ್ತಿದರೆ ನೀರು ಹನಿಯುವ ನಿಪ್ಪಲ್ ಹಾಕಿದ ಮೇಲೆ ಅರ್ಧ ತೊಂದರೆ ಕಡಿಮೆಯಾಯಿತು. ಜುಟ್ಟಿನ ಬುಡದಲ್ಲಿ ಹೇನು ಸೇರುತ್ತವೆ, ತಿಂಗಳಿಗೆರಡು ಸಲ ಪುಕ್ಕ ಬಿಡಿಸಿ ನೋಡಬೇಕು. ಹೊರಳಾಡೋಕೆ ಒಲೆ ಬೂದಿ, ಮರಳು ಕಲಸಿ ಒಂದು ಟೈರಿನಲ್ಲಿ ಇಟ್ಟಿದ್ದೇನೆ. ಮರಿ ಮಾಡಿಸೋದೆಲ್ಲ ದೀಪಾವಳಿ ಆದ ಮೇಲೆ.

ಈಗ ನನ್ನ ಹತ್ತಿರ ನೀಲಿ ಹದಿನಾಲ್ಕು ಇವೆ. ಎಲ್ಲವೂ ಚೆಂದ ಇವೆ ಅಂದರೆ ಸುಳ್ಳಾಗುತ್ತದೆ. ಪುಕ್ಕದ ಅಂಚಿಗೆ ಗಾಢ ಗೆರೆ ಇದ್ದು ಮೈ ಒಂದೇ ಸಮ ಇರುವಂಥವು ಐದೇ. ನಾಲ್ಕರ ಜುಟ್ಟಿನ ಮುಂದೆ ನೀಲಿ ಪುಕ್ಕ ಅತಿಯಾಗಿದೆ. ಸ್ವಲ್ಪ ಎಲ್ಲದಕ್ಕೂ ಇರುತ್ತದೆ, ಅದನ್ನು ಕಿತ್ತು ಮಾರುವವರೂ ಇದ್ದಾರೆ, ಕೊಳ್ಳುವಾಗ ಕೊಕ್ಕಿನ ಮೇಲೆ ಕೈಯಾಡಿಸಿ ನೋಡಿ. ಹುಂಜವೋ ಹ್ಯಾಟೆಯೋ ಅಂತ ಮೂರು ತಿಂಗಳ ಒಳಗೆ ಕೇಳಬೇಡಿ. ಜುಟ್ಟು ಚೆಂಡಿನ ಹಾಗೆ ಗುಂಡಗಾದರೆ ಹ್ಯಾಟೆ, ಚೂಪಾಗಿ ಹಿಂದಕ್ಕೆ ಕೆದರಿದರೆ ಹುಂಜ. ಕಾಲಿಗೆ ಬಣ್ಣಬಣ್ಣದ ಜಿಪ್ ಟೈ ಹಾಕಿ ಯಾರ ಮಗ, ಯಾರ ಮಗಳು ಅಂತ ಬರೆದಿಡುತ್ತೇನೆ. ಕಾಲು ಬೆಳೆದ ಹಾಗೆ ಟೈ ಬದಲಿಸೋದು ಮರೆಯಬಾರದು, ಬಿಗಿಯುತ್ತದೆ.

ನೀಲಿ ಮರಿ ಕೊಡಿ ಅಂತ ಕೇಳುವವರಿದ್ದಾರೆ. ಕೊಡುತ್ತೇನೆ. ಸ್ಪ್ಲಾಶ್ ಹುಂಜ ಮಾತ್ರ ಎಷ್ಟು ಕೊಟ್ಟರೂ ಕೊಡೋದಿಲ್ಲ. ಚಿಗವ್ವನಿಗೆ ಎಲ್ಲ ಗೊತ್ತಾಗಿದೆ, ಫೋನ್ ಮಾಡಿದಾಗಲೆಲ್ಲ "ನನ್ನ ಹುಂಜ ಹೆಂಗ ಐತಿ?" ಅಂತಾಳೆ. ಗಡಿಗೆಯಲ್ಲಿ ಈಗ ಎಂಟು ತತ್ತಿ ಇವೆ, ಮೊದಲನೆಯದಕ್ಕೆ ಇವತ್ತಿಗೆ ಐದು ದಿನ. ಜವಾರಿ ಹ್ಯಾಟೆ ಎರಡು ದಿನದಿಂದ ಗುರ್ ಗುರ್ ಅಂತ ಬುಟ್ಟಿ ಸುತ್ತ ತಿರುಗುತ್ತಿದೆ, ಇನ್ನೂ ಕೂತಿಲ್ಲ.