ಲೇಬಲ್ ಇಲ್ಲದ ಹಾಳೆ

ವಿದ್ಯಾರ್ಥಿಯಾಗಿದ್ದಾಗ ನಾನು ಮೊದಲು ಒತ್ತಿ ಒಣಗಿಸಿದ ಗಿಡ ಇನ್ನೂ ನೆನಪಿದೆ. ಬೇರು, ಹೂವು, ಕಾಯಿ ಎಲ್ಲ ಇತ್ತು. ಒಂದು ಎಲೆಯನ್ನು ಮಗುಚಿ, ಹಿಂಬದಿ ಕಾಣುವ ಹಾಗೆ ಜೋಡಿಸಿದ್ದೆ. ದಿನಾ ಪೇಪರ್ ಬದಲಿಸಿದ್ದೆ. ವಿಶ್ವವಿದ್ಯಾಲಯದ ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಬೀರುಗಳಲ್ಲಿ ಕಾಪಾಡುವ ಸಂಗ್ರಹಕ್ಕೆ, ಕೊಟ್ಟಾಗ ಮೇಷ್ಟ್ರು ಕೇಳಿದರು: "ಹೂವು ಯಾವ ಬಣ್ಣ ಇತ್ತು? ಎಲ್ಲಿ ಸಿಕ್ತು, ಯಾವತ್ತು?" ಹೂವು ಅಷ್ಟರಲ್ಲಿ ಕಂದಾಗಿತ್ತು. ನಾನು ಏನೂ ಬರೆದಿಟ್ಟಿರಲಿಲ್ಲ. ಆ ಹಾಳೆ ಬೀರು ಸೇರಲಿಲ್ಲ.

ಈಗ ಅಂಥ ಬೀರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊಸಬರಿಗೆ ಮೊದಲು ಪೆನ್ಸಿಲ್, ನೋಟ್‌ಬುಕ್ ಕೊಡುತ್ತೇನೆ. ಗಿಡ ಒತ್ತುವ ಪ್ರೆಸ್ ಆಮೇಲೆ. ಜಾಗ, ತಾರೀಖು, ಗಿಡದ ಎತ್ತರ, ಹೂವಿನ ಬಣ್ಣ, ವಾಸನೆ, ಮುರಿದರೆ ಹಾಲು ಬರುತ್ತದಾ ಅನ್ನುವುದು, ಇದನ್ನೆಲ್ಲ ಗಿಡದ ಪಕ್ಕದಲ್ಲೇ ನಿಂತು ಬರೆಯಬೇಕು.

ಒಂದು ತಾರೀಖಿಗೆ ಇಷ್ಟು ಹಟ ಯಾಕೆ ಅಂತ ಕೇಳುತ್ತಾರೆ. ಆಗ ವುಡ್‌ವರ್ಡ್ ಅನ್ನುವ ವಿಜ್ಞಾನಿಯ ಕೆಲಸ ಹೇಳುತ್ತೇನೆ. ಅವರು ಕೇಂಬ್ರಿಜ್ ವಿಶ್ವವಿದ್ಯಾಲಯದ ಹರ್ಬೇರಿಯಂನಲ್ಲಿದ್ದ ಹಳೆಯ ಮರದೆಲೆಗಳ ಪತ್ರರಂಧ್ರಗಳನ್ನು (ಎಲೆ ಗಾಳಿ ಎಳೆದುಕೊಳ್ಳುವ ಸೂಕ್ಷ್ಮ ತೂತುಗಳನ್ನು) ಎಣಿಸಿ, 1987ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 200 ವರ್ಷಗಳಲ್ಲಿ ರಂಧ್ರಗಳ ಸಾಂದ್ರತೆ ಶೇ 40ರಷ್ಟು ಇಳಿದಿತ್ತು. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ್ದರೆ ಎಲೆಗೆ ಕಡಿಮೆ ರಂಧ್ರ ಸಾಕು. ಅಂದರೆ ಗಾಳಿಯಲ್ಲಿ ಅದು ಜಾಸ್ತಿಯಾದದ್ದು ಎಲೆಯಲ್ಲೇ ದಾಖಲಾಗಿತ್ತು! ಎಲೆ ಕಿತ್ತವರಿಗೆ ಇಂಥ ಪ್ರಶ್ನೆಯ ಕಲ್ಪನೆಯೂ ಇರಲಿಲ್ಲ. ಆದರೆ ತಾರೀಖು ಬರೆದಿದ್ದರು.

ಫೋಟೋ ಸಾಕಲ್ವಾ ಅನ್ನುವವರೂ ಇದ್ದಾರೆ. ಸಾಲದು. ಫೋಟೋದಿಂದ ಡಿಎನ್‌ಎ ತೆಗೆಯಲಾಗದು. ಇನ್ನೊಂದು ವಿಷಯ, ನನಗೆ ತುಂಬ ಇಷ್ಟವಾದದ್ದು: ಹಾಳೆಗೆ ಅಂಟಿಸಿದ ಪುಟ್ಟ ಲಕೋಟೆಯಲ್ಲಿ ಉದುರಿದ ಹೂವುಗಳಿರುತ್ತವೆ. ಒಂದನ್ನು ತೆಗೆದು ಬಿಸಿನೀರಿಗೆ ಹಾಕಿದರೆ ನಿಧಾನಕ್ಕೆ ಮೆತ್ತಗಾಗುತ್ತದೆ. ಸೂಜಿಯಿಂದ ದಳ ಬಿಡಿಸಿ ಕೇಸರಗಳನ್ನು ಎಣಿಸಬಹುದು. ಎಷ್ಟೋ ದಶಕದ ಹಿಂದಿನ ಹೂವು ಕಣ್ಣೆದುರು ಬಿಚ್ಚಿಕೊಂಡಾಗ ತರಗತಿಯೇ ಸುಮ್ಮನಾಗುತ್ತದೆ.

ಒಮ್ಮೆ ಒಬ್ಬ ವಿದ್ಯಾರ್ಥಿನಿ ಹೀಗೆ ಎಣಿಸುತ್ತಾ, "ಸರ್, ಲೇಬಲ್ಲಿನ ಹೆಸರಿಗೂ ಇದಕ್ಕೂ ತಾಳೆ ಆಗ್ತಿಲ್ಲ" ಅಂದಳು. ಇಬ್ಬರೂ ಲೆನ್ಸ್ ಹಿಡಿದು ಮತ್ತೆ ನೋಡಿದೆವು. ಪಕ್ಕದ ಹಾಳೆಗಳ ಜೊತೆ ಹೋಲಿಸಿದೆವು. ಅವಳು ಹೇಳಿದ್ದು ಸರಿ. ಹಳೆಯ ಲೇಬಲ್ ಕೀಳುವ ಹಾಗಿಲ್ಲ, ಅದೂ ದಾಖಲೆಯೇ. ಅದರ ಮೇಲ್ಗಡೆ ಹೊಸ ಚೀಟಿ ಅಂಟಿಸಿದಳು: ಗಿಡದ ಸರಿಯಾದ ಹೆಸರು, ತನ್ನ ಹೆಸರು, ಆ ದಿನದ ತಾರೀಖು.