ಇಲಿ ಹಿಡಿಯುವ ಮೊದಲು ತೂತು ಹುಡುಕಿ

ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ಒಂದು ಮನೆಯವರು ಇಲಿ ಕಾಟ ತಾಳಲಾರದೆ ಒಂದೇ ಭಾನುವಾರದಲ್ಲಿ ಎಲ್ಲ ತೂತುಗಳಿಗೂ ಸಿಮೆಂಟ್ ಮೆತ್ತಿಸಿದರು. ಬುಧವಾರದ ಹೊತ್ತಿಗೆ ಹಾಲ್ ತುಂಬ ವಾಸನೆ. ಇಲಿ ಒಳಗೇ ಉಳಿದುಬಿಟ್ಟಿತ್ತು. ಬೆಟ್ಟ ಅಗೆದು ಇಲಿ ಹಿಡಿದ ಗಾದೆ ಕೇಳಿದ್ದೆ, ಫಾಲ್ಸ್ ಸೀಲಿಂಗ್ ಬಿಚ್ಚಿ ಸತ್ತ ಇಲಿ ಹೊರಗೆ ತೆಗೆದದ್ದನ್ನು ಆವತ್ತು ಕಣ್ಣಾರೆ ನೋಡಿದೆ. ತೂತು ಮುಚ್ಚಬೇಕು ಅನ್ನುವುದೇನೋ ಸರಿ. ಯಾವ ತೂತನ್ನು ಯಾವಾಗ ಮುಚ್ಚಬೇಕು ಅನ್ನುವುದರಲ್ಲೇ ಎಲ್ಲರೂ ಎಡವುವುದು.

ಹಂತ 1: ಬಂದಿರುವುದು ಯಾರು ಅಂತ ನೋಡಿ. ಹಿಕ್ಕೆ ಜೀರಿಗೆ ಕಾಳಿನಷ್ಟಿದ್ದರೆ ಚಿಟ್ಟಿಲಿ, ಒಣದ್ರಾಕ್ಷಿಯಷ್ಟು ದಪ್ಪ ಇದ್ದರೆ ದೊಡ್ಡ ಇಲಿ. ಅಂಗಳದಲ್ಲಿ ಮಣ್ಣು ಕೆದರಿ ಗುಡ್ಡೆ ಹಾಕಿದ್ದರೆ ಹೆಗ್ಗಣ, ಅದಕ್ಕೆ ದೊಡ್ಡ ಬೋನೇ ಬೇಕು. ಇನ್ನು ಗೋಡೆ ಬದಿಯಲ್ಲಿ ಚಿಕ್ ಚಿಕ್ ಅನ್ನುತ್ತಾ ಉದ್ದ ಮೂತಿ ಮುಂದೆ ಮಾಡಿಕೊಂಡು ಓಡಿದರೆ ಅದು ಮೂಗಿಲಿ. ಹೆಸರಲ್ಲಿ ಇಲಿ ಇದ್ದರೂ ಅದು ಇಲಿಯ ಜಾತಿಯಲ್ಲ, ಜಿರಳೆ, ಹುಳು ತಿನ್ನುವ ಪ್ರಾಣಿ. ನಾನಂತೂ ಅದಕ್ಕೆ ಬೋನು ಇಡುವುದಿಲ್ಲ. ಹೊಟ್ಟೆಗೆ ಪದೇ ಪದೇ ಬೀಳುತ್ತಿರಬೇಕು ಅದಕ್ಕೆ, ರಾತ್ರಿಯಿಡೀ ಬೋನಿನಲ್ಲಿ ಉಳಿದರೆ ಸತ್ತೇ ಹೋಗಬಹುದು. ಬಾಗಿಲು ತೆರೆದಿಡಿ, ಬಂದ ದಾರಿ ಹಿಡಿಯುತ್ತದೆ.

ಹಂತ 2: ಊಟ ನಿಲ್ಲಿಸಿ. ಅಕ್ಕಿ, ಬೇಳೆ, ನಾಯಿಯ ಆಹಾರ ಎಲ್ಲ ಸ್ಟೀಲ್ ಡಬ್ಬಕ್ಕೆ, ಕಸದ ಬುಟ್ಟಿಗೆ ಮುಚ್ಚಳ. ಅಷ್ಟೇ.

ಹಂತ 3 ತೂತು ಹುಡುಕುವುದು. ಇದಕ್ಕೆ ಒಂದು ರಜೆ ದಿನ ಇಟ್ಟುಕೊಳ್ಳಿ. ಪೆನ್ಸಿಲ್ ತೂರುವಷ್ಟು, ಅಂದರೆ ಸುಮಾರು 6 ಮಿ.ಮೀ. ಸಂದಿ ಇದ್ದರೆ ಚಿಟ್ಟಿಲಿಗೆ ಸಾಕು, ದೊಡ್ಡ ಇಲಿಗೆ ಅರ್ಧ ಇಂಚಿಗಿಂತ ತುಸು ಜಾಸ್ತಿ ಬೇಕು. ಆದ್ದರಿಂದ ಎದ್ದು ಕಾಣುವ ತೂತನ್ನು ಮಾತ್ರ ನೋಡಿ ಸುಮ್ಮನಾಗಬೇಡಿ. ಸಿಂಕಿನ ಕೆಳಗೆ ಪೈಪು ಗೋಡೆಯೊಳಗೆ ಹೋಗುವ ಜಾಗ, ಗ್ಯಾಸ್ ಪೈಪಿನ ತೂತು, ಎಸಿ ಪೈಪಿನ ಸುತ್ತ, ಹಿಂದಿನ ಬಾಗಿಲ ಅಡಿ, ಬಚ್ಚಲ ಜಾಲಿ, ಹೆಂಚಿನ ಮನೆಯಾದರೆ ಗೋಡೆ ಮತ್ತು ಮಾಡು ಸೇರುವ ಕಡೆ, ಇಷ್ಟನ್ನೂ ಮಂಡಿಯೂರಿ ನೋಡಬೇಕು. ನಮ್ಮ ಮನೆಯಲ್ಲಿ ಮೂರು ದಿನ ಹುಡುಕಿದ ಮೇಲೆ ಸಿಕ್ಕ ತೂತು ವಾಷಿಂಗ್ ಮಷೀನ್ ಹಿಂದೆ ಇತ್ತು, ಪ್ಲಂಬರ್ ಪೈಪು ಎಳೆದುಕೊಂಡು ಹೋದವರು ಸುತ್ತಲಿನ ಸಂದಿಯನ್ನು ಹಾಗೇ ಬಿಟ್ಟಿದ್ದರು. ಓಡಾಟ ಇರುವ ಸಂದಿಯ ಅಂಚು ಕಪ್ಪಗೆ ಜಿಡ್ಡು ಜಿಡ್ಡಾಗಿರುತ್ತದೆ, ಇಲಿಯ ಮೈ ಉಜ್ಜಿ ಉಜ್ಜಿ ಆದ ಗುರುತು ಅದು. ಅನುಮಾನ ಇರುವ ಕಡೆ ರಾತ್ರಿ ತೆಳ್ಳಗೆ ಅಕ್ಕಿ ಹಿಟ್ಟು ಉದುರಿಸಿಡಿ, ಬೆಳಿಗ್ಗೆ ಹೆಜ್ಜೆ ಕಾಣುತ್ತದೆ.

ಈಗ ಮುಚ್ಚುವ ಕೆಲಸ. ಸಿಕ್ಕಿದ ಪ್ರತಿ ತೂತಿಗೂ ಹಳೆಯ ಪೇಪರ್ ಮುದುರಿ ಸಡಿಲವಾಗಿ ತುರುಕಿ. ಸಿಮೆಂಟ್ ಮುಟ್ಟಬೇಡಿ, ಬರೀ ಪೇಪರ್. ಬೆಳಿಗ್ಗೆ ನೋಡಿ. ಪೇಪರ್ ಒಳಗೆ ಬಿದ್ದಿದ್ದರೆ ಹೊರಗಿನಿಂದ ತಳ್ಳಿ ಬಂದಿದೆ, ಹೊರಗೆ ಬಿದ್ದಿದ್ದರೆ ಒಳಗಿದ್ದದ್ದು ಹೋಗಿದೆ. ಮೂರು ರಾತ್ರಿ ಅಲುಗಾಡದೆ ಉಳಿದ ತೂತುಗಳನ್ನು ಒಂದೊಂದಾಗಿ ಪೂರ್ತಿ ಮುಚ್ಚಿ. ಓಡಾಟ ಇರುವ ಒಂದೇ ಒಂದು ತೂತನ್ನು ಕೊನೆಗೆ ಬಿಡಿ. ಬೋನು ಇಡುವುದು ಅದರ ಹತ್ತಿರ. ಒಳಗಿನದು ಸಿಕ್ಕಿ, ಮತ್ತೆ ಮೂರು ರಾತ್ರಿ ಪೇಪರ್ ಅಲುಗದೆ, ಹಿಟ್ಟಿನ ಮೇಲೆ ಹೆಜ್ಜೆ ಬೀಳದೆ ಇದ್ದರೆ ಮಾತ್ರ ಅದನ್ನೂ ಮುಚ್ಚಿ. ಸಜ್ಜದ ಮೇಲೆ ಹರಿದ ಬಟ್ಟೆ, ಪೇಪರ್ ಚೂರಿನ ಗೂಡು ಇದೆಯಾ ಅಂತಲೂ ನೋಡಬೇಕು, ಮರಿ ಒಳಗಿದ್ದು ತಾಯಿ ಹೊರಗೆ ಉಳಿದರೆ ಆ ಮರಿಗಳ ಗತಿ ಏನು? ಮರಿ ಇದ್ದರೆ ಎರಡು ಮೂರು ವಾರ ತಡೆದುಕೊಳ್ಳಿ, ಅಷ್ಟರಲ್ಲಿ ಅವೂ ಓಡಾಡಲು ಶುರು ಮಾಡುತ್ತವೆ.

ಯಾವುದರಿಂದ ಮುಚ್ಚುವುದು? ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಒತ್ತಿ ತುಂಬಿ, ಮೇಲೆ ಸಿಮೆಂಟ್. ತುಕ್ಕು ಹಿಡಿಯುವ ಅಗ್ಗದ ನಾರು ಬೇಡ. ಡಬ್ಬಿಯಿಂದ ಉಬ್ಬಿ ಬರುವ ಫೋಮನ್ನು ಬರೀ ಅದನ್ನೇ ಹಾಕಿದರೆ ದುಡ್ಡು ದಂಡ, ಇಲಿ ಬನ್ನು ಕಡಿದ ಹಾಗೆ ಕಡಿದುಹಾಕುತ್ತದೆ. ಅದರ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಕಡಿಯದೆ ವಿಧಿಯಿಲ್ಲ ಅದಕ್ಕೆ. ಕಿಂಡಿಗಳಿಗೆ ಒತ್ತೊತ್ತಾದ ಕಬ್ಬಿಣದ ಜಾಲರಿ ಹೊಡೆಸಿ, ಪ್ಲಾಸ್ಟಿಕ್ ಸೊಳ್ಳೆ ಪರದೆ ಲೆಕ್ಕಕ್ಕಿಲ್ಲ.

ಅಂಗಡಿಯಲ್ಲಿ ಇನ್ನೇನೇನೋ ತೋರಿಸುತ್ತಾರೆ. ಗೋಡೆಗೆ ಸಿಕ್ಕಿಸುವ, ನಮಗೆ ಕೇಳಿಸದ ಶಬ್ದ ಮಾಡುವ ಯಂತ್ರ ಬೇಡವೇ ಬೇಡ, ಕೆಲಸ ಮಾಡುತ್ತದೆ ಅನ್ನಲು ವೈಜ್ಞಾನಿಕ ಪುರಾವೆ ಬೇಕು ಅಂತ ಅಮೆರಿಕದ ವ್ಯಾಪಾರ ಆಯೋಗ 2001ರಲ್ಲೇ ಇಂಥವುಗಳ ತಯಾರಕರಿಗೂ ಮಾರುವವರಿಗೂ ಎಚ್ಚರಿಕೆ ಪತ್ರ ಕಳಿಸಿತ್ತು. ಅಂಟಿನ ಹಲಗೆ ಎಲ್ಲಕ್ಕಿಂತ ಕೆಟ್ಟದ್ದು. ಸಿಕ್ಕಿಕೊಂಡ ಇಲಿ ಗಂಟೆಗಟ್ಟಲೆ ಒದ್ದಾಡಿ, ಚರ್ಮ ಕಿತ್ತುಕೊಂಡು ಸಾಯುತ್ತದೆ, ಹಲ್ಲಿ, ಗುಬ್ಬಿ ಕೂಡ ಅಂಟಿಕೊಳ್ಳುತ್ತವೆ. ಇದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ವಿರುದ್ಧ ಅಂತ ಪ್ರಾಣಿ ಕಲ್ಯಾಣ ಮಂಡಳಿಯೇ ಹೇಳಿದೆ. ಇಲಿ ಪಾಷಾಣವೂ ಬೇಡ. ರಂಜಕ ಇರುವ ಪೇಸ್ಟಿಗೆ ಪ್ರತಿವಿಷವೇ ಇಲ್ಲ, ಮನೆಯಲ್ಲಿ ಮಕ್ಕಳಿದ್ದರೆ ಯೋಚನೆ ಮಾಡಿ. ಕೇಕಿನ ವಿಷ ತಿಂದ ಇಲಿ ಕೆಲವು ದಿನ ನರಳಿ ಸಾಯುತ್ತದೆ, ಆ ಇಲಿಯನ್ನು ಹಿಡಿದ ಗೂಬೆ, ಬೆಕ್ಕಿಗೂ ವಿಷ ಏರಬಹುದು.

ಹಂತ 4, ಬೋನು. ಬಾಗಿಲ ಅಂಚಿಗೆ ಹಲ್ಲು ಹಲ್ಲು ಇರುವ ಬೋನು ಬೇಡ, ಬಾಲ ಜಜ್ಜಿಹೋಗುತ್ತದೆ. ಸರಿಯಾದ ತಂತಿ ಬೋನು ಗೋಡೆಗೆ ಒತ್ತಿಕೊಂಡಂತೆ ಇಡಿ, ನಡುಮನೆಯಲ್ಲಿ ಇಟ್ಟರೆ ಅದು ಬರುವುದಿಲ್ಲ. ತಿಂಡಿಗೆ ನನ್ನ ಮತ ಸುಟ್ಟ ಕೊಬ್ಬರಿ ಚೂರಿಗೆ. ಮಸಾಲೆ ವಡೆಯೂ ನಡೆಯುತ್ತದೆ, ಆದರೆ ಇರುವೆ ಮುತ್ತುತ್ತದೆ. ದೊಡ್ಡ ಇಲಿಗೆ ಹೊಸ ವಸ್ತು ಕಂಡರೆ ಭಯ, ಆದ್ದರಿಂದ ಎರಡು ಮೂರು ರಾತ್ರಿ ಬಾಗಿಲು ಬೀಳದ ಹಾಗೆ ಕಟ್ಟಿ ಸುಮ್ನೆ ತಿಂಡಿ ಇಡಿ, ಅಭ್ಯಾಸ ಆಗಲಿ. ಬಾಗಿಲು ಬಿಟ್ಟ ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಗಿನ ಜಾವ ಒಮ್ಮೆ ನೋಡಲೇಬೇಕು. ಇಟ್ಟು ಊರಿಗೆ ಹೋಗುವುದಾದರೆ ಇಡಬೇಡಿ. ಸಿಕ್ಕಿದ ಮೇಲೆ ಬೋನಿನ ಮೇಲೆ ಬಟ್ಟೆ ಹೊದೆಸಿ, ಕತ್ತಲಾದರೆ ಗಾಬರಿ ಕಡಿಮೆ. ಬೋನನ್ನು ಬಕೆಟ್ ನೀರಿಗೆ ಮುಳುಗಿಸುವವರಿದ್ದಾರೆ. ಇಲಿಗೆ ಈಜು ಬರುತ್ತದೆ ಕಣ್ರೀ, ನಿಮಿಷಗಟ್ಟಲೆ ಒದ್ದಾಡುತ್ತದೆ.

ಸ್ಕೂಟರಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆ ತನಕ ಒಯ್ದು ಹಾಡಹಗಲೇ ಬಿಟ್ಟು ಬರುವವರನ್ನೂ ನೋಡಿದ್ದೇನೆ. ಪುಣ್ಯ ಬಂತು ಅಂದುಕೊಳ್ಳುತ್ತಾರೆ, ಗೊತ್ತಿಲ್ಲದ ಜಾಗದಲ್ಲಿ ಬಿಲ ಇಲ್ಲ, ತಿನ್ನಲು ಏನಿದೆ ಅಂತ ಗೊತ್ತಿಲ್ಲ, ಮೇಲೆ ಹದ್ದು, ಕಾಗೆ. ಮುಸ್ಸಂಜೆಯಲ್ಲಿ, ಮನೆಗೆ ನೂರು ಮೀಟರ್ ಒಳಗೆ, ಪೊದೆ ಇರುವ ಕಡೆ ಬಿಡಿ, ಬೇರೆಯವರ ಕಾಂಪೌಂಡಿನ ಪಕ್ಕ ಬೇಡ. ವಾಪಸ್ ಬಂದರೆ? ಬರಲಿ, ಉಳಿದ ತೂತು ಮುಚ್ಚಿದ್ದೀರಲ್ಲ, ಕೊನೆಗೆ ಬಿಟ್ಟದ್ದರ ಹತ್ತಿರ ಬೋನು ಇದೆ.

ಹಿಕ್ಕೆಯನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಕೈಗವಸು ಹಾಕಿ, ಬ್ಲೀಚಿಂಗ್ ಪುಡಿ ಕದಡಿದ ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ. ಇಲಿ ಜ್ವರ ಹರಡುವುದು ಅದರ ಮೂತ್ರದಿಂದ. ಬೋನನ್ನೂ ಹಾಗೇ ತೊಳೆದು, ಬಿಸಿಲಲ್ಲಿ ಒಣಗಿಸಿ ಸಜ್ಜದ ಮೇಲಿಡಿ. ಪಕ್ಕದ ಮನೆಯವರು ಅಂಟಿನ ಹಲಗೆ ತರಲು ಹೊರಟಿದ್ದು ಕಂಡರೆ, ಆ ಬೋನನ್ನು ಇಳಿಸಿ ಕೊಟ್ಟುಬಿಡಿ.